ಪಾತಮ್ಮತ್ತೆಯ ಕಂಬಳಿಗಳ ಏರುಪೇರು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ! ಅವತ್ತು ಚಳ್ಳಕೆರೆಯ ಕಂಬಳಿ ಸಂಘದ ಅಧ್ಯಕ್ಷ ಹನುಮಂತರಾಯ ನಮ್ಮ ಪಾತಮ್ಮತ್ತೆಯ ಜಗಲಿಗೇ ಬಂದು ಅಂದ ಮಾತಿಗೆ ಯಾರಿಗಾದರೂ ಮೈ ಉರಿಯುತ್ತಿತ್ತು.

"ನಿನ್ನ ಕಂಬಳಿ ಒಂದು ಉದ್ದ, ಒಂದು ಗಿಡ್ಡ. ಏರುಪೇರು ಮಿತಿಗಿಂತ ಜಾಸ್ತಿ ಐತೆ. ಇಲ್ಲ ಅಂತ ನೀನೇ ತೋರ್ಸು. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಸಂಘದ ಉಣ್ಣೆ ಕೊಡಲ್ಲ."

ಉಣ್ಣೆ ನಿಂತರೆ ಮಗ್ಗ ನಿಂತ ಹಾಗೆ. ಅತ್ತೆಗೆ ಬೇರೆ ಕೆಲಸ ಗೊತ್ತಿಲ್ಲ.

"ಅವಳ್ಯಾಕ್ರೀ ತೋರಿಸ್ಬೇಕು? ಜಾಸ್ತಿ ಅಂದೋರು ನೀವು!" ಎಂದೆ.

"ಮೊಳಕಾಲ್ಮೂರಿಗೆ ಹೋಗಿ ಸಂಖ್ಯಾಶಾಸ್ತ್ರ ಓದ್ತೀಯಲ್ಲ ಸ್ವಪ್ನ, ನೀನೇ ಪರೀಕ್ಷೆ ಮಾಡು ಮತ್ತೆ."

ಸರಾಸರಿ ಉದ್ದದ ಬಗ್ಗೆ ಜಗಳವಿರಲಿಲ್ಲ. ಉದ್ದ ಎಷ್ಟು ಆಚೀಚೆ ಆಗುತ್ತದೆ ಎಂಬುದೇ ಪ್ರಶ್ನೆ. ಸಂಘದ ಮಿತಿ, ಇಂಚಿನ ಲೆಕ್ಕದಲ್ಲಿ ಆ ಏರುಪೇರಿನ ಅಳತೆ, ಅಂದರೆ ವೇರಿಯನ್ಸ್, ನಾಲ್ಕು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ. ಶೂನ್ಯ ಪ್ರಾಕ್ಕಲ್ಪನೆ: ಅತ್ತೆ ನೇಯುವ ಎಲ್ಲ ಕಂಬಳಿಗಳ ವೇರಿಯನ್ಸ್ ನಾಲ್ಕು. ಪರ್ಯಾಯ: ನಾಲ್ಕಕ್ಕಿಂತ ಹೆಚ್ಚು.

"ಹಂಗಂದ್ರೇನೇ?" ಎಂದಳು ಅತ್ತೆ.

"ಮೊದ್ಲು ನಿನ್ನ ಕೈ ಸರಿ ಐತೆ ಅಂತ ಹಿಡ್ಕೋತೀವಿ. ಅಲ್ಲ ಅಂತ ಅಳತೆ ಗಟ್ಟಿಯಾಗಿ ಹೇಳಿದ್ರೆ ಮಾತ್ರ ಆ ಮಾತು ಬಿಡ್ತೀವಿ."

ಅತ್ತೆ ಆ ಬರಹವನ್ನೇ ನೋಡುತ್ತ ಕೂತಳು. ನಾನು ಬರೆಯುವಷ್ಟರಲ್ಲೇ ಅವಳು ಅಳೆಯಲೆಂದು ಕೆಲವು ಕಂಬಳಿಗಳನ್ನು ಜೋಡಿಸಿಟ್ಟಿದ್ದಳು. ನೋಡಿದರೆ, ಅಯ್ಯೋ, ನೆಂಟರಿಗೆ ಹಾಸುವಾಗ ಆರಿಸುವ ಹಾಗೆ ಒಂದೇ ಸಮ ಇರುವವನ್ನೇ ಆರಿಸಿದ್ದಾಳೆ! ಇವನ್ನು ಅಳೆದರೆ ಪರೀಕ್ಷೆ ಬರೀ ನಾಟಕ. ಆದರೆ ಬಾಯಿಬಿಟ್ಟರೆ ಅತ್ತೆಯ ಉಣ್ಣೆ ಹೋದೀತು. ಹೆದರಿ, ಏನೂ ಕಾಣದವಳ ಹಾಗೆ ಅಳತೆಪಟ್ಟಿ ಕೈಗೆತ್ತಿಕೊಂಡೆ.

ಅತ್ತೆಯೇ ಎದ್ದಳು. ಆರಿಸಿಟ್ಟವನ್ನು ಒಳಗಿನ ರಾಶಿಗೆ ಸೇರಿಸಿ ಮೇಲೆ ಕೆಳಗೆ ಮಾಡಿದಳು. "ರಾಯ್ರೇ, ಕಣ್ಣು ಮುಚ್ಚಿ ನೀವೇ ಎಳೀರಿ."

"ಅತ್ತೆ, ಯಾಕೆ?" ಎಂದೆ ಮೆಲ್ಲಗೆ.

"ನನ್ನ ಕೈ ಸರಿ ಐತೆ ಅಂತ ಮೊದ್ಲೇ ಹಿಡ್ಕೊಂಡ್ಯಲ್ಲ. ಇಷ್ಟು ವರ್ಷದಾಗೆ ಯಾರೂ ಹಂಗೆ ಶುರು ಮಾಡಿರ್ಲಿಲ್ಲ ಕಣೇ."

ಹನುಮಂತರಾಯ ಎಳೆದರು, ನಾನು ಅಳೆದೆ. ಲೆಕ್ಕ ನಾಲ್ಕನ್ನು ದಾಟಿತು. ಎಷ್ಟು ದಾಟಿದರೆ ಆಕಸ್ಮಿಕವಲ್ಲ ಎನ್ನಬಹುದೆಂದು ನನ್ನ ಪುಸ್ತಕದ ಕೋಷ್ಟಕ ನೋಡಿದೆ. ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕುವಷ್ಟು ದಾಟಿರಲಿಲ್ಲ.

"ಹಂಗಾದ್ರೆ ಇವಳ ಕೈ ಸರಿ ಅಂತ ಸಾಬೀತಾಯ್ತಾ?" ಎಂದರು ಹನುಮಂತರಾಯ.

"ಇಲ್ರಿ. ತಪ್ಪು ಅಂತ ಸಾಬೀತಾಗ್ಲಿಲ್ಲ, ಅಷ್ಟೇ."

ಅವರು ಎಳೆದ ಕಂಬಳಿಗಳನ್ನು ರಾಶಿಗೆ ಹಾಕಿ ಅತ್ತೆಗೆ, "ನಾಳೆ ಬಂದು ಉಣ್ಣೆ ತಗೊಂಡ್ಹೋಗು," ಎಂದರು.

ಅತ್ತೆ ಆಗಲೇ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ನೇಯುವ ಮೊದಲು ಅಳತೆಪಟ್ಟಿ ಕೊಡೆಂದು ನನ್ನ ಕಡೆ ಕೈ ಚಾಚಿದಳು.