ಎರಡು ಪಗಾರದ ಮನೆಗೆ ಆಯೇರಿ

ಶೈಲಶ್ರೀಯ ಪಗಾರ ಕೈಗೆ ಬರುವುದು ಮೂವತ್ತೆಂಟು ಸಾವಿರ, ಗಂಡ ಸಂಗಮೇಶನದು ಇಪ್ಪತ್ತೊಂಬತ್ತು. ಅವಳು ಸಿಂದಗಿಯ ಸರಕಾರಿ ದವಾಖಾನೆಯಲ್ಲಿ ನರ್ಸು, ಅವನು ಬಸ್ ಕಂಡಕ್ಟರ್. ಈ ಲೆಕ್ಕ ಅವರಿಬ್ಬರಿಗಿಂತ ಬಂಧು-ಬಳಗಕ್ಕೇ ಚೆನ್ನಾಗಿ ಬಾಯಿಪಾಠ. "ಎರಡು ಪಗಾರ, ಉಣ್ಣೋ ಬಾಯಿನೂ ಎರಡ. ನಿಮಗೇನ ಕಡಿಮಿ ಐತಿ?" ಎನ್ನುವವರೇ ಎಲ್ಲ. ಊರಲ್ಲಿ ಯಾವುದಕ್ಕೇ ಪಟ್ಟಿ-ವಂತಿಗೆ ಎತ್ತಲಿ, ಇವರ ಹೆಸರಿನ ಮುಂದೆ ಎರಡು ಪಾಲು. ಮಕ್ಕಳಿಲ್ಲದ ಮನೆಯಲ್ಲೂ ಜೋಳದ ಚೀಲ ಖಾಲಿಯಾಗುತ್ತದೆ ಎಂಬುದು ಯಾವ ಜಾಣರ ತಲೆಗೂ ಹೊಳೆಯುವುದಿಲ್ಲ.

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಎಷ್ಟು ತೊಟ್ಟಿಲಿಗೆ, ಎಷ್ಟು ಮದುವೆಗೆ ಆಯೇರಿ ಹೊತ್ತಳೋ! ಆಯೇರಿ ಎಂದರೆ ಬರೀ ಸೀರೆ, ರೊಕ್ಕ ಅಲ್ಲ. ಕಾರ್ಯದ ಮನೆಯಲ್ಲಿ ಹಿರಿಯರೊಬ್ಬರು ವಹಿ ಹಿಡಿದು ಕೂತು, ಇಂಥವರ ಮನೆಯಿಂದ ಇಷ್ಟು ಎಂದು ಎಲ್ಲರೆದುರು ಕೂಗಿ ಬರೆದುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅದು ತಿರುಗಿ ಬರಬೇಕು. ಶೈಲಶ್ರೀಯ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ, ಮಗುವಿನ ಜಾವಳದ ಕೂದಲು ತೆಗೆಯಲಿಲ್ಲ. ಆಯೇರಿ ಯಾವ ನೆವದಿಂದ ಬರಬೇಕು?

ಈಗ ನೆವ ಸಿಕ್ಕಿತ್ತು. ಎರಡು ಕೋಣೆಯ ಸ್ವಂತ ಮನೆ ಕಟ್ಟಿ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ತನ್ನ ಮನೆಯಲ್ಲೂ ಒಂದು ದಿನ ಆ ಕೂಗು ಕೇಳಬೇಕು, ಅವಳ ಆಸೆ ಅಷ್ಟೇ.

ಕಾರ್ಡು ಅಚ್ಚು ಹಾಕಿಸಿದವನು, ಹಂಚಿದವನು ಸಂಗಮೇಶ. ಎಲ್ಲ ಹಂಚಿಯಾದ ಮೇಲೆ ಅವಳು ಕೊನೆಯ ಸಾಲು ನೋಡಿದಳು: 'ದಯವಿಟ್ಟು ಆಯೇರಿ ತರಬಾರದು.'

"ಎರಡು ಪಗಾರ ಇದ್ದೂ ಕೈ ಒಡ್ಡಾಕತ್ತಾರ ಅಂತ ಮಂದಿ ಅನಬಾರದಲ್ಲ, ಅದಕ್ಕ ಹಾಕಿಸಿದೆ," ಎಂದ ಹೆಮ್ಮೆಯಿಂದ.

"ಯಾರನ್ನ ಕೇಳಿ ಹಾಕಿಸಿದ್ರಿ?" ಎಂದಳು ಶೈಲಶ್ರೀ. "ನನಗ ರೊಕ್ಕ ಬೇಕಾಗಿತ್ತೇನ್ರಿ? ನಮ್ಮದೂ ಒಂದು ಮನಿ ಅಂತ ನಾಕು ಮಂದಿ ಬಾಯಾಗ ಬರಬೇಕಾಗಿತ್ತು."

ದಿನವೂ ಚಿಲ್ಲರೆಗಾಗಿ ಬಸ್ಸು ತುಂಬ ಜಗಳ ಗೆಲ್ಲುವ ಆ ಪುಣ್ಯಾತ್ಮ ಅವತ್ತು ಡ್ಯೂಟಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿ ಹೊರಟ.

ವಾಸ್ತುಶಾಂತಿಯ ದಿನ ಜನ ಬಂದರು. 'ಸಮಯಕ್ಕೆ ಸರಿಯಾಗಿ' ಎಂದು ಕಾರ್ಡಿನಲ್ಲಿ ಬರೆದದ್ದನ್ನು ಯಾರೂ ಪಾಲಿಸಲಿಲ್ಲ. ಕೊನೆಯ ಸಾಲನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಹೋಳಿಗೆ ಉಂಡರು, ಮನಿ ಚಂದ ಆಗೇತಿ ಎಂದರು, ಕೈ ತೊಳೆದರು. ಶೈಲಶ್ರೀ ನಗುನಗುತ್ತಲೇ ಬಡಿಸಿದಳು. ಕಣ್ಣು ಮಾತ್ರ ಬಂದವರ ಬರಿಗೈ ಮೇಲೇ.

ಎರಡನೇ ಪಂಗತಿ ಏಳುವ ಹೊತ್ತಿಗೆ ನೆಗೆಣ್ಣಿ ವಿದ್ಯಾವತಿ ಬಂದಳು. ಅವಳ ಗಂಡ, ಸಂಗಮೇಶನ ಅಣ್ಣ ಶ್ರೀಶೈಲಪ್ಪ, ಬೇಳೆ ಗಿರಣಿಯಲ್ಲಿ ಕಾರಕೂನ. ಇಪ್ಪತ್ತೆರಡು ಸಾವಿರದಲ್ಲಿ ಮೂರು ಮಕ್ಕಳ ಫೀ, ಮನೆ ಬಾಡಿಗೆ, ಅತ್ತೆಯ ಔಷಧ. ಇಪ್ಪತ್ತನೇ ತಾರೀಖು ದಾಟಿದರೆ ಕೈ ಬರಿದು. ಅಂಥವಳ ಸೊಂಟದ ಮೇಲೆ ತುಂಬಿದ ಬುಟ್ಟಿ: ಸೀರೆ, ಧೋತರ, ಖಣ, ತೆಂಗಿನಕಾಯಿ.

"ಅಕ್ಕಾ, ಕಾರ್ಡ ಓದಲಿಲ್ಲೇನು?" ಎಂದಳು ಶೈಲಶ್ರೀ.

"ಓದೇನಿ. ಹಾಕಿಸಿದಾಂವಗ ಬುದ್ಧಿ ಇಲ್ಲಂದ್ರ ನನಗೂ ಇರಬಾರದೇನ?" ಎಂದವಳೇ, ಬಳಗದ ಕಾರ್ಯಗಳಲ್ಲಿ ವಹಿ ಬರೆಯುವ ಹಿರಿಯ ಯಂಕಪ್ಪನನ್ನು ಹಿಡಿದು ಕೂರಿಸಿದಳು. "ಮಾವಾ, ವಹಿ ತಗೀರಿ. ಸೀರಿ, ಧೋತರ, ಮ್ಯಾಲ ಐದನೂರಾ ಒಂದು."

ಶೈಲಶ್ರೀ ಅವಳ ಕೈ ಹಿಡಿದಳು. "ಬ್ಯಾಡಕ್ಕಾ. ಮೂರು ಮಕ್ಕಳ ಮನಿ ನಿಮ್ಮದು. ಒಂದ ಪಗಾರ..."

"ಮೂರೂ ಹಡದಾಗ ನೀ ಹೊತಗೊಂಡು ಬಂದಿ. ನಾ ಬ್ಯಾಡ ಅಂದಿದ್ನೇನ?" ವಿದ್ಯಾವತಿಯ ಕಣ್ಣು ತುಂಬಿತ್ತು, ದನಿ ಮಾತ್ರ ಖಾರ. "ಪಗಾರ ಕಡಿಮಿ ಅಂತ ನನ್ನ ಮಾನಾನೂ ಕಡಿಮಿ ಮಾಡ್ತೀ?"

ಇಷ್ಟು ದಿನ ತನಗೆ ಬರಲಿಲ್ಲವೆಂದು ಕೊರಗಿದವಳಿಗೆ, ತಿರುಗಿ ಕೊಡಲಾಗದೆ ಕೊರಗಿದವಳೂ ಒಬ್ಬಳಿದ್ದಾಳೆ ಎಂದು ಆಗ ತಿಳಿಯಿತು. ಎಲ್ಲರೆದುರೇ ಅತ್ತುಬಿಟ್ಟಳು. ಯಂಕಪ್ಪ ಪೆನ್ನು ಹಿಡಿದು, ಬರೆಯಬೇಕೋ ಬೇಡವೋ ಎಂದು ಅವಳ ಮುಖ ನೋಡಿದ.

ಶೈಲಶ್ರೀ ಕಣ್ಣೊರೆಸಿಕೊಂಡು ವಿದ್ಯಾವತಿಯ ಮುಂದೆ ಸೆರಗು ಒಡ್ಡಿದಳು.

"ಬರೀರಿ ಮಾವಾ," ಎಂದಳು. "ಮೊದಲ ಜೋರಾಗಿ ಕೂಗ್ರಿ. ಓಣಿ ತುದಿಗೆ ಕೇಳಬೇಕು, ನಮ್ಮಕ್ಕನ ಹೆಸರು."