ಒಳಗೆ ಮಡಚಿದ ನೀಲಿ

ಮಷೀನಿನ ಚಕ್ರದ ಮೇಲೆ ಬಿಸಿಲು ಕೂತಿದೆ, ಕಾಲು ಪೆಡಲ್ಲಿನ ಮೇಲಿದ್ದರೂ ತುಳಿಯುತ್ತಿಲ್ಲ, ಮಡಿಲಲ್ಲಿ ಹೆಂಡತಿಯ ನೀಲಿ ಗೌನು, ಕೈಯಲ್ಲಿ ಬ್ಲೇಡು, ಎದುರಿನ ಸ್ಟೂಲಿನ ಮೇಲೆ ಅವಳೇ — ತಲೆಗೆ ಬಟ್ಟೆ ಸುತ್ತಿಕೊಂಡು ಗಿರಾಕಿಯ ಹಾಗೆ ಕೂತಿದ್ದಾಳೆ, ಒಳಗೆ ಹೋಗಿ ಮಲಗು ಅಂದರೆ ಕೇಳುವ ಜಾತಿಯಲ್ಲ. ನಾಳೆ ಮತ್ತೆ ಆಸ್ಪತ್ರೆ, ಮತ್ತೆ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಯುವ ಔಷಧಿ, ಅದರ ದೆಸೆಯಿಂದಲೇ ಮೈ ಊದಿ ಗೌನು ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡಿಕೊಡ್ರೀ ಅಂದಳು, ಅಷ್ಟೇ, ಯಾವ ಗಿರಾಕಿ ಬೇಕಾದರೂ ಕೇಳುವ ಮಾತು, ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ಮಗ್ಗುಲ ಹೊಲಿಗೆ ಬಿಚ್ಚಿದರೆ ಒಳಗೆ ಮಡಚಿಟ್ಟಿರೋದು ಹೊರಗೆ ಬರುತ್ತೆ, ಎರಡು ಬೆರಳಗಲ, ಬಿಸಿಲು ಕಾಣದ ಬಟ್ಟೆ, ಹೊಲಿದ ದಿನದಷ್ಟೇ ಗಾಢ ನೀಲಿ — ಅವಳಿಗೆ ಬೆನ್ನು ಕೊಟ್ಟು ಕೂತರೆ ಹೇಗೆ, ಬೆಳಕು ಸಾಲದು ಅಂತ ನೆಪ ಹೇಳಿದರೆ ಹೇಗೆ, ಥೂ, ಸುಳ್ಳಿನ ಮೇಲೆ ಇನ್ನೊಂದು ಸುಳ್ಳು.

ಅವಳು ಸೊರಗುತ್ತಿರೋದು ಮೊದಲು ಗೊತ್ತಾಗಿದ್ದು ಇವನ ಈ ಕೈಗೆ. ಡಾಕ್ಟರಿಗಲ್ಲ, ಸ್ಕ್ಯಾನಿಗಲ್ಲ. ಪಾತ್ರೆ ತೊಳೆಯುತ್ತಿದ್ದವಳ ಸೊಂಟ ಹಿಡಿದಿದ್ದ, ರೇಗಿಸೋಕೆ, ಬೆರಳಿಗೆ ಎಲುಬು ಸಿಕ್ಕಿತು. ಊರಿಗೆಲ್ಲ ಟೇಪು ಮಾಸ್ತರ, ಬಾಗಿಲಲ್ಲಿ ನಿಂತವರ ಅಳತೆ ಕಣ್ಣಲ್ಲೇ ಹೇಳುವವನು, ಕಟ್ಟಿಕೊಂಡವಳ ಅಳತೆ ತಪ್ಪುತ್ತಾನೆಯೇ, ಅಮ್ಮ ಹೀಗೇ ಕರಗಿ ಕರಗಿ ಹೋಗಿದ್ದು ಕಣ್ಣ ಮುಂದೆ ಬಂತು. ಆಸ್ಪತ್ರೆಗೆ ಹೋಗೋಣ ಕಣೇ ಅಂದಿದ್ದರೆ ಮುಗಿಯುತ್ತಿತ್ತು, ಬಾಯಿಬಿಟ್ಟರೆ ನಿಜವಾಗಿಬಿಡುತ್ತೆ ಅನ್ನೋ ಭಯ, ಬಟ್ಟೆ ಸಡಿಲವಾಗಿದ್ದು ಯಾರಿಗೂ ಕಾಣಬಾರದು ಅಂತ, ಅವಳು ಸ್ನಾನಕ್ಕೆ ಹೋದಾಗ ಗೌನು ಎತ್ತಿಕೊಂಡು ಬಂದು ಮಗ್ಗುಲಲ್ಲಿ ಒಂದು ಬೆರಳು ಒಳಗೆ ಹಿಡಿಸಿ ಹೊಲಿದ, ಕೆಲವು ವಾರ ಬಿಟ್ಟು ಇನ್ನೊಂದು ಬೆರಳು, ಉಳಿದ ಬಟ್ಟೆಗಳಿಗೂ ಅದೇ ಗತಿ. ಮನೆಗೆ ಬಂದ ತಂಗಿ, ಅತ್ತಿಗೆ ಯಾಕೋ ಸೊರಗಿದ್ದಾಳೆ ಅಣ್ಣ ಅಂದರೆ, ಹೋಗೇ, ಬಟ್ಟೆಯೆಲ್ಲ ಮೊದಲಿನ ಹಾಗೇ ಕೂರುತ್ತೆ ನೋಡು ಅಂತ ಒಂದು ಸುತ್ತು ತಿರುಗಿ ತೋರಿಸಿದಳು ಇವಳು, ಇವನೂ ಹಲ್ಲು ಕಿರಿದ, ಪಾಪಿ. ಹೊಟ್ಟೆನೋವಿಗೆ ಅವಳು ನೆಲ ಹಿಡಿದಾಗಲೇ ಆಸ್ಪತ್ರೆ ಕಂಡಿದ್ದು. ಕ್ಯಾನ್ಸರ್ ಅಂದರು. ಬಟ್ಟೆ ಸಡಿಲ ಆಗ್ತಿರಲಿಲ್ವೇನಮ್ಮ, ಇನ್ನೂ ಮುಂಚೆ ಬರಬೇಕಿತ್ತು, ಅಂದಿದ್ದು ಡಾಕ್ಟರಮ್ಮ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನ ಕೈ ಕತ್ತಿಗೆ ಹೋಯಿತು, ಅಂಗಡಿಯಿಂದ ಹಾಗೇ ಓಡಿಬಂದಿದ್ದ, ಟೇಪು ಅಲ್ಲೇ ನೇತಾಡುತ್ತಿತ್ತು. ಇಲ್ಲ ಡಾಕ್ಟರೇ, ಒಂಚೂರೂ ಆಗಿರಲಿಲ್ಲ ಅಂದಳು ಇವಳು, ಇವನ ಮುಖ ನೋಡದೆ. ಅವತ್ತಿನಿಂದ ಸೇವೆಯೋ ಸೇವೆ, ಕಾಲು ಒತ್ತಿದ್ದೇನು, ನೀರು ಕಾಯಿಸಿದ್ದೇನು, ಸಾಕು ಬಿಡಿ, ನೀವು ಇಷ್ಟು ಒಳ್ಳೆಯವರಾದರೆ ನನಗೆ ಭಯ ಆಗುತ್ತೆ ಅಂತ ಅವಳು ನಗುತ್ತಾಳೆ, ನಕ್ಕಷ್ಟೂ ಇವನು ಇನ್ನೂ ಜೋರಾಗಿ ಕಾಲು ಒತ್ತುತ್ತಾನೆ.

ಮೆಲ್ಲಗೆ ರೀ, ಬಟ್ಟೆ ಹರಿದೀತು, ಅವಳೇ ಅನ್ನುತ್ತಿದ್ದಾಳೆ ಸ್ಟೂಲಿನಿಂದ, ಮೊದಲು ಆ ಹೊಲಿಗೆ ಬಿಚ್ಚಿ, ಆಮೇಲೆ ಅದರ ಪಕ್ಕದ್ದು, ಎರಡು ಸಲ ಹಿಡಿಸಿದ್ದೀರಲ್ಲ. ಬ್ಲೇಡು ನಿಂತಿತು. ನಿನಗೆ ಗೊತ್ತಿತ್ತಾ? ಬಟ್ಟೆ ಒಗೆಯೋಳು ನಾನು, ಒಳಮಗ್ಗುಲು ತಿರುಗಿಸಿ ಒಣಹಾಕೋಳು ನಾನು, ಗೊತ್ತಾಗದೆ ಇರುತ್ತಾ. ಮತ್ತೆ ಯಾಕೆ — ಅವಳು ತಲೆಯ ಬಟ್ಟೆ ಸರಿಮಾಡಿಕೊಳ್ಳುತ್ತಾಳೆ, ನೀವು ಅಷ್ಟೊಂದು ಹೆದರಿದ್ರಿ, ನಾನೂ ಆಸ್ಪತ್ರೆ ಅಂದುಬಿಟ್ರೆ ಕುಸಿದು ಹೋಗ್ತೀರಿ ಅನ್ನಿಸ್ತು, ಸ್ವಲ್ಪ ದಿನ ನೋಡೋಣ ಅಂತ ಸುಮ್ಮನಾದೆ. ಸ್ವಲ್ಪ ದಿನ. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಬೈಯಲಿಲ್ಲ, ಇವನ ಭಯ ಕಾಯುತ್ತಾ ನೋವು ನುಂಗಿದ್ದಾಳೆ ಅವಳು, ಬ್ಲೇಡು ಎಳೆದರೆ ದಾರ ಬಿಡುತ್ತೆ, ಹೊರಗೆಲ್ಲ ಮಾಸಿದ ಬಟ್ಟೆ, ಒಳಗಿನದು ಹೊಚ್ಚಹೊಸದು, ಹಿಡಿಸಿದ ಈ ಗುರುತು ಒಗೆದರೂ ಹೋಗುವುದಿಲ್ಲ, ಇಸ್ತ್ರಿ ತಿಕ್ಕಿದರೂ ಹೋಗುವುದಿಲ್ಲ, ನಾಳೆ ಇದನ್ನೇ ಹಾಕ್ಕೊಂಡು ಬರ್ತೀನಿ ಅನ್ನುತ್ತಿದ್ದಾಳೆ, ಡಾಕ್ಟರಮ್ಮನ ಎದುರು ಕೂರುತ್ತಾಳೆ, ಕೈ ಎತ್ತಿದರೆ ಕಾಣುತ್ತೆ, ಎರಡೂ ಮಗ್ಗುಲಲ್ಲಿ, ಎರಡು ಬೆರಳಗಲ, ಗಾಢ ನೀಲಿ, ಎರಡು ಬೆರಳಗಲ