ಏಳದ ಎಮ್ಮೆಗೊಂದು ತಲೆಬರಹ

ನಾನು ಒಂದು ಔಟ್‌ಲೈನರ್. ಬರೆಯಬೇಕಾದದ್ದನ್ನು ತಲೆಬರಹ, ಉಪತಲೆಬರಹಗಳಾಗಿ ಜೋಡಿಸಿಡುವ ತಂತ್ರಾಂಶ. ಮೈಸೂರಿನ ಕಾಲೇಜು ಮೇಷ್ಟ್ರೊಬ್ಬರು ವಿದ್ಯಾರ್ಥಿಗಳ ತಲೆಬುಡವಿಲ್ಲದ ಪ್ರಬಂಧಗಳನ್ನು ಓದಿ ರೋಸಿಹೋಗಿ ನನ್ನನ್ನು ಹುಟ್ಟಿಸಿದರು. ಒಂದು ತಲೆಬರಹವನ್ನು ಹಿಡಿದೆಳೆದರೆ ಅದರಡಿಯ ಸಂಸಾರವೆಲ್ಲ ಜೊತೆಗೇ ಬರುತ್ತದೆ. ನನಗಿರುವುದು ಇದೊಂದೇ ವಿದ್ಯೆ, ಆದರೆ ಅದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ.

ಆ ವಿದ್ಯಾರ್ಥಿಗಳು ನನ್ನನ್ನು ಒಂದೆರಡು ಸಲ ತೆರೆದು ಕೈಬಿಟ್ಟರು. ಅವರಲ್ಲೊಬ್ಬಳ ಅಕ್ಕ ನೀಲಾಂಬಿಕಾ ರಾಯಬಾಗದ ಕಡೆ ದನದ ಡಾಕ್ಟರು. ಅವರು ನನ್ನನ್ನು ಪೆನ್‌ಡ್ರೈವಿನಲ್ಲಿ ಒಯ್ದು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡರು.

ಅವರಿಗೆ ವರ್ಗವಾಗಿತ್ತು. ಹೋಗುವ ಮುಂಚೆ ಎಮ್ಮೆ ಸಾಕುವವರಿಗೆ ತಮ್ಮ ಬದಲು ಒಂದು ಪುಸ್ತಕವನ್ನಾದರೂ ಕೊಟ್ಟು ಹೋಗಬೇಕೆಂಬ ಹಟ. ಪರದೆಯ ಎಡಕ್ಕೆ ನಾನು, ಬಲಕ್ಕೆ ವರ್ಡ್ ಪ್ರೊಸೆಸರ್ ಅಣ್ಣ. ಅವನಿಗೆ ಅಕ್ಷರದ ಅಂದ ಗೊತ್ತು, ನನಗೆ ದಾರಿ ಗೊತ್ತು. ಕಾಲುಬಾಯಿ ರೋಗ, ಗಳಲೆ ರೋಗ, ಹಾಲುಜ್ವರ ಎಂದು ಕಾಲೇಜಿನಲ್ಲಿ ಕಲಿತ ಕ್ರಮದಲ್ಲೇ ನನ್ನಲ್ಲಿ ಜೋಡಿಸಿ, ಅವನಲ್ಲಿ ಬರೆದು ಮುಗಿಸಿದರು.

ಅಷ್ಟರಲ್ಲಿ ಎಮ್ಮೆ ಸಾಕುವ ಬಾಳವ್ವ ಎಂಬಾಕೆಯ ಫೋನು ಬಂತು. ಡಾಕ್ಟರಮ್ಮನನ್ನು ಆಕೆ ಕರೆಯುವುದು 'ಬಾಯಾರ' ಎಂದೇ.

"ಬಾಯಾರ, ಎಮ್ಮಿ ನಿನ್ನಿ ಈದೈತ್ರಿ. ಈಗ ನೆಲಾ ಹಿಡದೈತಿ, ಏಳವಲ್ದು!"

"ಕಿವಿ ಮುಟ್ಟಿ ನೋಡವ್ವಾ, ತಣ್ಣಗ ಅದಾವೇನ?"

"ಹೌದ್ರಿ, ಮೈಯೆಲ್ಲಾ ತಣ್ಣಗೈತಿ."

"ಹಾಲುಜ್ವರ ಅದು. ಬಂದ್ನಿ ತಡಿ."

"ಮೈ ತಣ್ಣಗಿದ್ರ ಜ್ವರ ಹ್ಯಾಂಗ್ರೀ?"

ಹೆಸರಷ್ಟೇ ಜ್ವರ; ಈದಾಗ ಮೈಯ ಸುಣ್ಣದಂಶ ಇಳಿದು ಎಮ್ಮೆ ತಣ್ಣಗಾಗುತ್ತದೆ. ಇಂಜೆಕ್ಷನ್ ಕೊಟ್ಟು ಎಮ್ಮೆಯನ್ನು ಎಬ್ಬಿಸಿ ಬಂದ ಡಾಕ್ಟರು ನನ್ನನ್ನು ಮತ್ತೆ ತೆರೆದರು. ತಣ್ಣಗಿರುವ ಎಮ್ಮೆಯ ಮುಂದೆ ನಿಂತವಳು ಜ್ವರದ ಪಾಠವನ್ನು ಯಾಕೆ ಹುಡುಕಿಯಾಳು? ರೋಗದ ಹೆಸರು ಗೊತ್ತಿದ್ದರೆ ಅವಳಿಗೆ ಪುಸ್ತಕವಾದರೂ ಯಾಕೆ ಬೇಕು? ಅವರು ಹೊಸ ತಲೆಬರಹಗಳನ್ನು ಬರೆದರು: ಈದ ಮೇಲೆ ಏಳುತ್ತಿಲ್ಲವೇ? ಮೇವು ಬಿಟ್ಟಿದೆಯೇ? ಜೊಲ್ಲು ಸುರಿಯುತ್ತಿದೆಯೇ? ರೋಗಗಳನ್ನು ಒಂದೊಂದಾಗಿ ಎಳೆದು ಅವುಗಳಡಿ ಇಟ್ಟರು. ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿ ಹಿಗ್ಗಿದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ನನ್ನಲ್ಲಿ ಜಾಗ ಬದಲಿಸಿದರೆ ಅಣ್ಣನಲ್ಲೂ ಬದಲಾಗುತ್ತದೆಂದು ನಂಬಿ ಡಾಕ್ಟರು ಅವನ ಕಡತವನ್ನು ಪ್ರೆಸ್ಸಿಗೆ ಕಳಿಸಿಬಿಟ್ಟಿದ್ದರು. ನಮ್ಮಿಬ್ಬರ ನಡುವೆ ಮಾತುಕತೆಯೇ ಇಲ್ಲವಲ್ಲ! ಪ್ರೆಸ್ಸಿನಿಂದ ಕರಡು ಹಳೆಯ ಕ್ರಮದಲ್ಲೇ ಬಂತು.

"ಅಯ್ಯ ಶಿವನ! ನಕ್ಷಾ ಬದಲಿ ಮಾಡಿ ಮನಿ ಹಳೇದ ಬಿಟ್ಟೀನಲ್ಲ!" ಎಂದು ಹಣೆ ಹಣೆ ಬಡಿದುಕೊಂಡರು. ಸಾಮಾನು ಆಗಲೇ ಲಾರಿಗೆ ಏರುತ್ತಿತ್ತು. ಪ್ರೆಸ್ಸಿನವರಿಗೆ ನಿಲ್ಲಿಸಲು ಹೇಳಿ, ಬರಿದಾದ ಮನೆಯ ನೆಲದ ಮೇಲೆ ಕೂತು, ನನ್ನನ್ನು ನೋಡುತ್ತ ಅಣ್ಣನ ಪುಟಗಳನ್ನು ಕತ್ತರಿಸಿ ಅಂಟಿಸತೊಡಗಿದರು. 'ಹಿಂದೆ ಹೇಳಿದಂತೆ' ಎಂದು ಇದ್ದ ಕಡೆ ಹಿಂದೆ ಏನೂ ಇರುತ್ತಿರಲಿಲ್ಲ. ಅಂಥದ್ದನ್ನೆಲ್ಲ ಹೊಸದಾಗಿ ಬರೆದರು. ಒಂದು ಸಲವೂ ಸಿಡುಕಲಿಲ್ಲ. ಅಂಥವರ ಕೈಗೆ ಬಿದ್ದದ್ದು ನನ್ನ ಭಾಗ್ಯ.

ಪುಸ್ತಕ ಅಚ್ಚಾಗಿ ಎಮ್ಮೆ ಸಾಕುವವರ ಮನೆ ಸೇರಿತು. ಈಗ ಲ್ಯಾಪ್‌ಟಾಪ್ ಮುದಿಯಾಗಿದೆ. ಡಾಕ್ಟರು ಹೊಸದು ತಂದಿದ್ದಾರೆ, ನಾನೂ ಅಣ್ಣನೂ ಹಳೆಯದರೊಳಗೇ ಕಪಾಟಿನ ಮೇಲಿದ್ದೇವೆ. ಯಾರಾದರೂ ತೆರೆದಾರೇ ಎಂದು ಮೊದಮೊದಲು ಕಾಯುತ್ತಿದ್ದೆ. ಮೊನ್ನೆ ಬಾಳವ್ವನ ಫೋನು ಬಂತು. ಡಾಕ್ಟರು ಅದನ್ನು ಸ್ಪೀಕರಿಗೆ ಹಾಕಿದ್ದರು.

"ಎಮ್ಮಿ ಮತ್ತ ಈದು ಬಿದ್ದಿತ್ರಿ, ಬಾಯಾರ. ಸೊಸಿ ಪುಸ್ತಕ ತಗದ್ಲು. ಮೊದಲನೇ ಹಾಳ್ಯಾಗ ನನ್ನ ಎಮ್ಮಿನ ಇತ್ತು! ಹೊಸಾ ಡಾಕ್ಟರನ್ನ ಲಗೂನ ಕರಿಸಿದ್ವಿ. ಎದ್ದು ಮೇಯಾಕತ್ತೈತ್ರಿ."

ಆ ಮೊದಲನೇ ಹಾಳೆ ವಿಷಯಸೂಚಿ, 'ಈದ ಮೇಲೆ ಏಳುತ್ತಿಲ್ಲವೇ?' ಎಂದೇ ಶುರುವಾಗುವುದು. ಅದು ನಾನೇ. ಇನ್ನು ಯಾರೂ ತೆರೆಯದಿದ್ದರೂ ನನಗೆ ಬೇಸರವಿಲ್ಲ.